ಮೋರಿ ಮಾವ ಕೇಳಿದ ವಾಯಿದೆಗಳು

ಮೋರಿ ಮಾವ ಎಂದ ಕೂಡಲೇ ಮೂಗು ಮುಚ್ಚಿಕೊಳ್ಳಬೇಡಿ. ಅವನು ಚರಂಡಿ ತೊಳೆದವನಲ್ಲ. ರಸ್ತೆಯಡಿ ನೀರು ಹಾಯುವ ಮೋರಿ, ಚಿಕ್ಕಪುಟ್ಟ ಸೇತುವೆ, ತಡೆಗೋಡೆ ಕಟ್ಟಿಸುತ್ತಿದ್ದ ಸರ್ಕಾರಿ ಗುತ್ತಿಗೆದಾರ. ಆಳು ಎಷ್ಟು ಗಿಡ್ಡ ಎಂದರೆ, ಮೋರಿ ಕಟ್ಟಿ ಮುಗಿದ ಮೇಲೆ ಟೇಪು ಹಿಡಿಯುವ ಬದಲು ಅವನನ್ನೇ ಒಳಗೆ ನಡೆಸಿ ಅಳತೆ ನೋಡುತ್ತಿದ್ದರು. ತಲೆ ತಾಗದಿದ್ದರೆ ಬಿಲ್ಲು ಪಾಸು.

ಅವನ ಪಾಲುದಾರ ಉದ್ದಣ್ಣ. ಮಳೆ ಬಂದರೆ ಮೊದಲ ಹನಿ ಬೀಳುವುದು ಅವನ ತಲೆಗೆ. ಅವನು ಕೂಗಿ ಹೇಳಿದ ಮೇಲೆ ಉಳಿದವರು ನಿಧಾನವಾಗಿ ಸಿಮೆಂಟಿನ ಚೀಲಗಳಿಗೆ ಟಾರ್ಪಾಲು ಹೊದಿಸಿದರೂ ಒಂದು ಚೀಲವೂ ನೆನೆಯುತ್ತಿರಲಿಲ್ಲ. ಇವರಿಬ್ಬರ ಕಂಪನಿಯ ಬೋರ್ಡಿನಲ್ಲಿ ‘ಸಹೋದರರು’ ಎಂದು ಬರೆದಿತ್ತು. ರಕ್ತಸಂಬಂಧ ಮಾತ್ರ ಎಳ್ಳಷ್ಟೂ ಇರಲಿಲ್ಲ. ಹೊಸಬರು ನಿಮ್ಮಲ್ಲಿ ದೊಡ್ಡವರು ಯಾರು ಎಂದು ಕೇಳಿದರೆ, ಕೂತಾಗ ನಾನು, ನಿಂತಾಗ ಅವನು ಎನ್ನುತ್ತಿದ್ದ ಮಾವ.

ಆ ಕಂಪನಿ ಮುಚ್ಚಿದ್ದು ಒಂದು ಗಾಳಿಗುಳ್ಳೆಯಿಂದ. ನಗಬೇಡಿ, ನಿಜ. ಗೋಡೆಯ ಮಟ್ಟ ನೋಡಲು ಆಗ ಉದ್ದದ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ, ಒಂದು ತುದಿಯನ್ನು ಒಬ್ಬ, ಇನ್ನೊಂದನ್ನು ಇನ್ನೊಬ್ಬ ಹಿಡಿಯುತ್ತಿದ್ದರು. ನೀರಿನ ಅಲುಗಾಟ ನಿಂತಾಗ ಈಚೆಯವನು ‘ನಿಂತಿತು’ ಎನ್ನಬೇಕು, ಆಚೆಯವನು ಗುರುತು ಹಾಕಬೇಕು. ಅದಕ್ಕೂ ಮುಂಚೆ ಪೈಪಿನ ಉದ್ದಕ್ಕೂ ಬೆರಳಿನಿಂದ ತಟ್ಟಿ, ಒಳಗೆ ಸಿಕ್ಕಿಕೊಂಡ ಗಾಳಿ ಬಿಡಿಸಬೇಕು. ಒಂದು ತಡೆಗೋಡೆಯ ದಿನ ಅವನು ತಟ್ಟಿರುತ್ತಾನೆ ಎಂದು ಇವನು, ಇವನು ತಟ್ಟಿರುತ್ತಾನೆ ಎಂದು ಅವನು. ಗೋಡೆ ಎದ್ದಾಗ ಒಂದು ತುದಿ ಆಕಾಶ ನೋಡುತ್ತಿತ್ತು. ಇಂಜಿನಿಯರು ಒಡೆಸಿದ. ಒಡೆಯುವ ಸದ್ದಿನಲ್ಲೇ ಇಬ್ಬರೂ ಬಾಯಿಗೆ ಬಂದದ್ದು ಬೈದಾಡಿಕೊಂಡರು. ಸದ್ದು ನಿಂತ ಮೇಲೂ ಬೈಗುಳ ನಿಲ್ಲಲಿಲ್ಲ. ವಾರ ಕಳೆಯುವುದರೊಳಗೆ ವಕೀಲರ ಮುಂದೆ ಕೂತು ಕಂಪನಿ ವಿಸರ್ಜಿಸಿದರು. ಉದ್ದಣ್ಣ ಮಗಳ ಊರಿಗೆ ಹೋಗಿ ನೆಲೆಸಿದ. ಅಲ್ಲಿಂದ ಬಸ್ಸಿನಲ್ಲಿ ಬಂದರೆ ಅರ್ಧ ದಿನದ ದಾರಿ. ಮಾತಾಡದವರಿಗೆ ಅದು ಸಮುದ್ರದಾಚೆ.

ಮಾವ ಒಬ್ಬನೇ ಕೆಲಸ ಮಾಡಿದ. ಮಟ್ಟದ ಪೈಪು ಹಿಡಿಯಲು ಮೇಸ್ತ್ರಿ ಇದ್ದ, ಆದರೆ ಆ ತುದಿಯಿಂದ ಬೈಗುಳ ಬರುತ್ತಿರಲಿಲ್ಲ. ಬೈಗುಳವಿಲ್ಲದೆ ಎದ್ದ ಗೋಡೆ ಅವನಿಗೆ ಉಪ್ಪಿಲ್ಲದ ಊಟದಂತಿತ್ತು. ಅಂಥ ದಿನ ಮನೆಗೆ ಬಂದು ಚಪ್ಪಲಿ ಬಿಟ್ಟವನು ಬಹಳ ಹೊತ್ತು ಜಗಲಿಯಲ್ಲೇ ಕೂರುತ್ತಿದ್ದ. ಅತ್ತೆ, ಅಂದರೆ ಅವನ ಹೆಂಡತಿ, ಏನೆಂದು ಕೇಳಿದರೆ ಸೊಂಟ ನೋವು ಎನ್ನುತ್ತಿದ್ದ. ಆ ಸೊಂಟಕ್ಕೆ ಅವಳು ತಿಕ್ಕಿದ ಎಣ್ಣೆಯಲ್ಲಿ ಒಂದು ಲಾರಿ ಓಡುತ್ತಿತ್ತು.

ಹೀಗಿರುವಾಗ ಸರ್ಕಾರ ಒಂದು ಕಾನೂನು ತಂದಿತು. ಗುತ್ತಿಗೆ ಕೆಲಸದ ತೆರಿಗೆ ಏರಿಸಿದ್ದಷ್ಟೇ ಅಲ್ಲ, ಅದು ಹಿಂದಿನ ಎಷ್ಟೋ ವರ್ಷಗಳಿಂದಲೇ ಜಾರಿಯಲ್ಲಿತ್ತು ಎಂದು ತಿಳಿಯಬೇಕಂತೆ. ಹೋಟೆಲಿನಲ್ಲಿ ಉಂಡು, ದುಡ್ಡು ಕೊಟ್ಟು, ಕೈ ತೊಳೆದು, ಮನೆಗೆ ಬಂದು ಮಲಗಿದವನನ್ನು ಎಬ್ಬಿಸಿ, ಅನ್ನದ ರೇಟು ಮೊನ್ನೆಯಿಂದಲೇ ಏರಿತ್ತು, ಬಾಕಿ ಕೊಡು ಎಂದ ಹಾಗೆ. ಗುತ್ತಿಗೆದಾರರ ಸಂಘ ಹೈಕೋರ್ಟಿಗೆ ಹೋಯಿತು. ಅಲ್ಲಿ ತೀರ್ಮಾನವಾಗುವವರೆಗೆ ತೆರಿಗೆ ಕಚೇರಿಯಲ್ಲಿ ಎಲ್ಲರ ಹಳೆಯ ಕೆಲಸಗಳ ವಿಚಾರಣೆ ನಡೆಯತೊಡಗಿತು.

ಮಾವನಿಗೂ ನೋಟಿಸು ಬಂತು, ‘ಸಹೋದರರು’ ಕಂಪನಿಯ ಹೆಸರಿಗೆ. ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತಳು. ಮಾವ ಮಾತ್ರ ಒಂದೇ ಸಾಲನ್ನು ಮತ್ತೆ ಮತ್ತೆ ಓದಿದ. ವಿಸರ್ಜನೆಯಾದ ಕಂಪನಿಯನ್ನೂ ಈ ತೆರಿಗೆಯ ಮಟ್ಟಿಗೆ ವಿಸರ್ಜನೆಯಾಗಿಲ್ಲವೆಂದೇ ಭಾವಿಸತಕ್ಕದ್ದು, ಪಾಲುದಾರರಿಬ್ಬರೂ ಖುದ್ದಾಗಿ ಹಾಜರಾಗತಕ್ಕದ್ದು.

‘ಭಾವಿಸತಕ್ಕದ್ದಂತೆ ಕಣೇ,’ ಎಂದ ಅವನು. ‘ಸರ್ಕಾರವೇ ಹೇಳಿದ ಮೇಲೆ ನಾವೇನು ಮಾಡೋಕಾಗುತ್ತೆ?’

ಆ ತೆರಿಗೆ ಕಚೇರಿಯನ್ನು ನೀವು ನೋಡಬೇಕಿತ್ತು. ಫ್ಯಾನು ಎಷ್ಟು ನಿಧಾನ ಎಂದರೆ, ಅದರ ರೆಕ್ಕೆಗಳ ನಡುವೆ ಜೇಡವೊಂದು ಬಲೆ ಕಟ್ಟಿ, ಸಂಸಾರ ಹೂಡಿ, ಮೊಮ್ಮಕ್ಕಳನ್ನು ಕಂಡಿತ್ತು. ಕಾರಿಡಾರಿನಲ್ಲಿ ಒಂದೇ ಬೆಂಚು. ಉದ್ದಣ್ಣ ಆಗಲೇ ಬಂದು ಕೂತಿದ್ದ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಾವ ಮತ್ತೊಂದು ತುದಿಯಲ್ಲಿ ಕೂತ. ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ ಖಾಲಿ.

‘ಚೆನ್ನಾಗಿದ್ದೀರಾ?’ ಎಂದ ಉದ್ದಣ್ಣ, ಗೋಡೆ ನೋಡುತ್ತ. ಆ ಬಹುವಚನ ಮಾವನಿಗೆ ಚಪ್ಪಲಿಯೊಳಗಿನ ಜಲ್ಲಿಯಂತೆ ಚುಚ್ಚಿತು.

‘ಇದ್ದೀವಿ,’ ಎಂದ.

ಒಳಗೆ ಅಧಿಕಾರಿ ಮೇಡಂ ನೀವಿಬ್ಬರೂ ಒಬ್ಬನೇ ತಂದೆಯ ಮಕ್ಕಳೋ ಎಂದು ಕೇಳಿದರು. ಅಲ್ಲ ಎಂದರು ಇಬ್ಬರೂ ಒಟ್ಟಿಗೆ. ಮತ್ತೆ ಸಹೋದರರು ಹೇಗೆ ಎಂದರು ಮೇಡಂ. ಅದನ್ನು ಇವರಿಬ್ಬರೂ ವಿವರಿಸುವಷ್ಟರಲ್ಲಿ ಊಟದ ಹೊತ್ತಾಯಿತು, ಮುಂದಿನ ತಾರೀಖು ಬಿತ್ತು. ವಾಯಿದೆ ಎಷ್ಟು ಸುಲಭವಾಗಿ ಸಿಗುತ್ತದೆ ಎಂದು ಮಾವನಿಗೆ ತಿಳಿದದ್ದು ಅವತ್ತೇ.

ಆಮೇಲೆ ಅವನು ಪ್ರತಿ ಸಲ ಒಂದೊಂದು ಕಾಗದ ಮರೆಯತೊಡಗಿದ. ಒಮ್ಮೆ ಜಲ್ಲಿಯ ರಸೀದಿ, ಒಮ್ಮೆ ಕಬ್ಬಿಣದ್ದು. ಮೇಡಂ ಬೈದು ಹೊಸ ತಾರೀಖು ಕೊಡುತ್ತಿದ್ದರು. ಒಂದೊಂದು ತಾರೀಖಿಗೂ ಬೆಂಚಿನ ಮೇಲಿನ ಖಾಲಿ ಜಾಗ ಕಡಿಮೆಯಾಯಿತು. ಕೆಳಗಿನ ಅಂಗಡಿಯ ಟೀ ಒಂದೇ ಲೋಟದಿಂದ ಎರಡಾಗಿ ಹಂಚಿಹೋಯಿತು. ಒಂದು ದಿನ ಟೀ ಚೆಲ್ಲಿದಾಗ ‘ನೋಡ್ಕೊಂಡು ಹಿಡಿಯೋ, ಕುಳ್ಳ’ ಎಂದುಬಿಟ್ಟ ಉದ್ದಣ್ಣ. ಅವತ್ತು ಮಾವ ಮನೆಗೆ ಬಂದು ಸೊಂಟದ ಮಾತೇ ಎತ್ತಲಿಲ್ಲ.

ನಡುವೆ ಸರ್ಕಾರ ರಾಜಿ ಯೋಜನೆ ತಂದಿತು. ಅರ್ಧ ಕಟ್ಟಿದರೆ ಕೇಸು ಅಲ್ಲಿಗೇ ಮುಗಿಯುತ್ತದೆ. ಸಂಘದಲ್ಲಿ ಎಷ್ಟೋ ಜನ ಸೋತು ಒಪ್ಪಿಕೊಂಡರು. ಮಾವ ಒಪ್ಪಲಿಲ್ಲ. ಸಂಘದ ಅಧ್ಯಕ್ಷರು ಅವನನ್ನು ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿ, ನ್ಯಾಯಕ್ಕಾಗಿ ಹೋರಾಡುವ ಗಂಡೆದೆ ಎಂದರು. ಹಿಂದಿನ ಸಾಲಿನವರಿಗೆ ಅವನು ಎದ್ದದ್ದು ಗೊತ್ತಾಗಲಿಲ್ಲ, ಆದರೂ ಚಪ್ಪಾಳೆ ತಟ್ಟಿದರು. ಮಾವ ತಲೆ ತಗ್ಗಿಸಿ ಕೂತ. ಅವನಿಗೆ ಬೇಕಿದ್ದದ್ದು ಮುಂದಿನ ತಾರೀಖು.

ಆಮೇಲಿನ ವಿಚಾರಣೆಗೆ ಅತ್ತೆಯೇ ಚೀಲ ತುಂಬಿಸಿ ಕಳಿಸಿದಳು, ಒಂದು ಕಾಗದವೂ ಬಿಡದೆ. ಮೇಡಂ ಎಲ್ಲ ನೋಡಿ, ಸರಿಯಾಗಿದೆ, ಇಬ್ಬರೂ ಓದಿ ಸಹಿ ಹಾಕಿದರೆ ಇವತ್ತೇ ಮುಗಿಸುತ್ತೇನೆ ಎಂದರು. ಕಡಿಮೆಯಾದ ಕಾಗದ ಒಂದಾದರೂ ಇದೆಯೇ ಎಂದು ಮಾವ ಚೀಲ ತಡಕಿದ.

‘ನಂಗೆ ಆಗಲ್ಲ ಮೇಡಂ,’ ಎಂದ ಉದ್ದಣ್ಣ. ‘ಕನ್ನಡಕ ತರೋಕೆ ಮರೆತೆ. ಓದದೆ ಹೇಗೆ ಸಹಿ ಹಾಕಲಿ?’

ಅವನ ಅಂಗಿಯ ಜೇಬಿನಲ್ಲಿ ಕನ್ನಡಕದ ಡಬ್ಬಿ ತಲೆ ಹೊರಹಾಕಿ ಕೂತಿತ್ತು. ಮಾವನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಆ ಜೇಬು. ಅವನು ಚೀಲದ ಕಾಗದಗಳನ್ನು ಜೋಡಿಸುವವನಂತೆ ಮುಂದೆ ಸರಿದು, ಮೇಡಂಗೆ ಆ ಜೇಬು ಕಾಣದ ಹಾಗೆ ಅಡ್ಡ ನಿಂತ. ಮೇಡಂ ಗೊಣಗುತ್ತ ಮತ್ತೊಂದು ತಾರೀಖು ಕೊಟ್ಟರು.

ಆ ತಾರೀಖು ಬರುವ ಮೊದಲೇ ಹೈಕೋರ್ಟಿನ ತೀರ್ಪು ಬಂತು. ಲೆಕ್ಕ ಚುಕ್ತಾ ಆದ ಕೆಲಸಗಳ ಮೇಲೆ ಹಿಂದಿನಿಂದ ತೆರಿಗೆ ಹೇರುವುದು ಸಲ್ಲದು ಎಂದು ಕಾನೂನಿನ ಆ ಭಾಗ ಬಿದ್ದುಹೋಯಿತು. ಸಂಘದ ಕಚೇರಿಯಲ್ಲಿ ಒಬ್ಬರನ್ನೊಬ್ಬರು ಎತ್ತಿ ಕುಣಿದರು. ಮಾವನನ್ನು ಎತ್ತುವುದು ಸುಲಭವಾದ್ದರಿಂದ ಅವನನ್ನೇ ಹೆಚ್ಚು ಎತ್ತಿದರು. ಮೇಲೆ ಹೋದಾಗಲೂ ಅವನ ಮುಖ ಕೆಳಗೇ ಇತ್ತು.

ವಿಚಾರಣೆ ಕೈಬಿಟ್ಟ ಆದೇಶ ಪಡೆಯಲು ಇಬ್ಬರೂ ಕೊನೆಯ ಸಲ ಬಂದರು. ಉದ್ದಣ್ಣ ಕನ್ನಡಕ ಹಾಕಿಕೊಂಡು, ಒಂದು ಅಕ್ಷರವೂ ಬಿಡದೆ ಓದಿ, ನಿಧಾನವಾಗಿ ಸಹಿ ಹಾಕಿದ. ಮಾವ ಅದಕ್ಕಿಂತ ನಿಧಾನ. ಬಸ್‌ ಸ್ಟ್ಯಾಂಡಿನವರೆಗೆ ಜೊತೆಗೆ ನಡೆದರು. ಮನೆಗೆ ಬಾರೋ ಎನ್ನಲು ಮಾವ ಮೂರು ಅಂಗಡಿ ದಾಟುವಷ್ಟು ಹೊತ್ತು ಬಾಯಿ ತೆರೆದುಕೊಂಡೇ ಬಂದ. ಹೊರಟದ್ದು ಬೇರೆ ಮಾತು.

‘ಮಂಡಿ ನೋವು ಹೇಗಿದೆಯೋ?’

‘ಇದೆ. ನಿಂದು ಸೊಂಟ?’

‘ಇದೆ.’

ಬಸ್ಸು ಬಂತು. ಉದ್ದಣ್ಣ ಬಾಗಿಲಲ್ಲಿ ಬಗ್ಗಿ ಹತ್ತಿದ, ಕಿಟಕಿಯ ಪಕ್ಕ ಕೂತ. ಡ್ರೈವರು ಇಂಜಿನು ಶುರು ಮಾಡಿದ ಮೇಲೆ ಕತ್ತು ಹೊರಗೆ ಹಾಕಿ ಕೇಳಿದ.

‘ಇಲಾಖೆಯವರು ಮೇಲಿನ ಕೋರ್ಟಿಗೆ ಅಪೀಲು ಹಾಕ್ತಾರಂತಲ್ಲ, ಹೌದೇನೋ?’

‘ಹಾಕ್ತಾರೆ ಕಣೋ,’ ಎಂದ ಮಾವ, ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಹಾಕುತ್ತ. ‘ಹಾಕದೆ ಎಲ್ಲಿಗೆ ಹೋಗ್ತಾರೆ? ಅಷ್ಟು ಸುಲಭಕ್ಕೆ ಬಿಡೋ ಜನನಾ ಅವರು?’

ಉದ್ದಣ್ಣ ತಲೆಯಾಡಿಸಿದ. ಬಸ್ಸು ತಿರುವು ದಾಟುವವರೆಗೂ ಅವನ ಕತ್ತು ಹೊರಗೇ ಇತ್ತು. ಬೇರೆಯವರದಾಗಿದ್ದರೆ ಅಷ್ಟು ದೂರದಿಂದ ಕಾಣುತ್ತಿರಲಿಲ್ಲ.

ಆ ತಿಂಗಳಿಡೀ ಮಾವ ಸಂಘದ ಅಧ್ಯಕ್ಷರಿಗೆ ದಿನವೂ ಫೋನು ಮಾಡಿದ, ಇಲಾಖೆ ಅಪೀಲು ಹಾಕಿತೇ ಎಂದು. ಪಾಪ, ಗೆದ್ದ ಮೇಲೂ ಮುದುಕನಿಗೆ ಭಯ ಹೋಗಿಲ್ಲ ಎಂದುಕೊಂಡರು ಅಧ್ಯಕ್ಷರು. ಒಂದು ದಿನ ಅವರು ಅನುಕಂಪದಿಂದ ಹೇಳಿದರು.

‘ಹೆದರ್ಕೋಬೇಡಿ ಯಜಮಾನ್ರೇ. ಅವರು ಇನ್ನು ಈ ಕಡೆ ತಲೆ ಹಾಕಲ್ಲ. ನಿಶ್ಚಿಂತೆಯಾಗಿ ಮಲಗಿ.’

ಮಾವ ಫೋನು ಇಟ್ಟ. ಅತ್ತೆ ಎಣ್ಣೆಯ ಬಾಟಲಿ ತರಲು ಎದ್ದಳು. ಬೇಡ ಎಂದ ಅವನು. ಉದ್ದಣ್ಣನ ಊರಿಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ.