ಚುಚ್ಚಕ್ಕನ ಮೂರು ತಿಂಗಳು

ಆಸ್ಪತ್ರೆಯಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ಅಳೆಯುವ ಹೊಸ ಯಂತ್ರ ಕೂರಿಸಿದ ಕಂಪನಿಯವನು, "ಸಕ್ಕರೆ ಕಾಯಿಲೆ ಇಲ್ಲದವರ ಒಂದು ಹನಿ ರಕ್ತ ಬೇಕು, ಯಂತ್ರ ಸರಿ ಇದೆಯಾ ನೋಡ್ಬೇಕು" ಎಂದ. ಬೆಂಚಿನ ಮೇಲೆ ಕಾಯುತ್ತಿದ್ದ ಹದಿನಾರು ರೋಗಿಗಳ ಎದುರು ರಕ್ತ ತೆಗೆಯುವ ಚುಚ್ಚಕ್ಕ ಗತ್ತಿನಿಂದ ತನ್ನ ಬೆರಳಿಗೇ ಚುಚ್ಚಿಕೊಂಡಳು. "ಐದೂವರೆ ದಾಟಿದ್ರೆ ನನ್ನ ಹೆಸರು ಬದಲಾಯಿಸಿ!"

ಯಂತ್ರ ಒಂದಷ್ಟು ಹೊತ್ತು ಗುರುಗುಟ್ಟಿ ಚೀಟಿ ಉಗುಳಿತು. ಹನ್ನೊಂದು ಪಾಯಿಂಟ್ ಎರಡು.

"ನೋಡಿದ್ರಾ? ಬಂದ ದಿನವೇ ಕೆಟ್ಟು ಕೂತಿದೆ!" ಎಂದು ಆಕೆ ನಕ್ಕಳು. ಬೆಂಚು ನಗಲಿಲ್ಲ.

ಇಪ್ಪತ್ತೆರಡು ವರ್ಷಗಳಿಂದ ಆ ರಕ್ತಪರೀಕ್ಷೆಯ ಕೋಣೆ ಅವಳದೇ ರಾಜ್ಯ. ಅವಳ ಸೂಜಿ ನೋಯಿಸುತ್ತಿರಲಿಲ್ಲ. ಚುಚ್ಚುತ್ತಿದ್ದದ್ದು ನಾಲಿಗೆ. "ಹಿಂದಿನ ದಿನ ಉಪವಾಸ ಬಿದ್ದು ಸಾಚಾ ಆಗೋಕೆ ನೋಡ್ಬೇಡಿ. ಇದು ನಿನ್ನೆಯ ಲೆಕ್ಕ ಅಲ್ಲ, ಮೂರು ತಿಂಗಳ ಚಾಡಿ!" ಎನ್ನುತ್ತಲೇ ರೋಗಿಗಳ ಜೇಬು, ಕೈಚೀಲ ತಡಕಿ, ಸಿಕ್ಕ ಚಾಕೊಲೇಟು ಬಿಸ್ಕತ್ತನ್ನೆಲ್ಲ ಮೇಜಿನ ಡ್ರಾಯರಿಗೆ ಸೇರಿಸಿ ಬೀಗ ಹಾಕುವಳು. ಬೀಗದ ಕೈ ಸೊಂಟದಲ್ಲಿ.

ಕಂಪನಿಯವನು ತನ್ನ ರಕ್ತ ಹಾಕಿ ನೋಡಿದ: ಐದು ಪಾಯಿಂಟ್ ಒಂದು. ಅವಳದನ್ನು ಮತ್ತೆ ಹಾಕಿದ. ಅದೇ ಹನ್ನೊಂದು, ಅದೇ ಎರಡು.

ಒಳಗಿನಿಂದ ಬಂದ ಡಾಕ್ಟರು ಚೀಟಿ ನೋಡಿ ಕನ್ನಡಕ ತೆಗೆದರು. "ಈಚೆಗೆ ನರ ಸಿಗದೆ ಎರಡೆರಡು ಸಲ ಚುಚ್ತಿದ್ದೆಯಲ್ಲಮ್ಮ, ದೀಪ ಮಂಕು ಅಂತ ದೂರ್ತಿದ್ದೆ. ಮಂಕಾಗಿರೋದು ದೀಪ ಅಲ್ಲ, ನಿನ್ನ ಕಣ್ಣು. ಇವತ್ತೇ ತೋರಿಸು. ಹೀಗೇ ಬಿಟ್ರೆ ಸೂಜಿ ಹಿಡಿಯೋ ಹಾಗಿಲ್ಲ."

ಚುಚ್ಚಕ್ಕ ಚೀಟಿಯನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. ಎರಡು ಒಂದುಗಳು ನಾಲ್ಕಾಗಿ ಕಂಡವು. ಮೊದಲ ಬಾರಿಗೆ ಆಕೆ ರೋಗಿಗಳ ಕುರ್ಚಿಯಲ್ಲಿ ಕುಸಿದಳು, ಸೊಂಟದ ಬೀಗದ ಕೈಯನ್ನು ಡಾಕ್ಟರತ್ತ ಚಾಚಿದಳು.

ಡಾಕ್ಟರು ತೆರೆದ ಡ್ರಾಯರಿನಲ್ಲಿ ಇದ್ದದ್ದು ಬರೀ ಚಾಕೊಲೇಟು ಬಿಸ್ಕತ್ತಿನ ಖಾಲಿ ಕಾಗದ. ಚೊಕ್ಕವಾಗಿ ಮಡಚಿ ಇಟ್ಟಿದ್ದಳು.

ಅತಿ ಹೆಚ್ಚು ಚಾಕೊಲೇಟು ಕಳೆದುಕೊಂಡಿದ್ದ ನಿವೃತ್ತ ಮೇಷ್ಟ್ರು ಬೆಂಚಿನಿಂದ ಎದ್ದುಬಂದರು. ಬೈಯಲು ಬಂದವರಿಗೆ ಅವಳ ಮುಖ ನೋಡಿ ದನಿಯೇ ಇಳಿಯಿತು. "ಅಲ್ಲ ಕಣಮ್ಮ, ಊರಿಗೆಲ್ಲ ಬುದ್ಧಿ ಹೇಳೋಳು ನೀನು. ಇಷ್ಟೂ ತಿಂದ್ರೆ ಏನಾಗತ್ತೆ ಅಂತ ನಿನಗೆ ಗೊತ್ತಿರಲಿಲ್ವಾ?"

"ಅದೆಲ್ಲ ನಿಮ್ಮ ಸಕ್ಕರೆ ತಾನೆ ಮೇಷ್ಟ್ರೇ," ಎಂದಳು ಚುಚ್ಚಕ್ಕ, "ನಿಮ್ಮ ರಿಪೋರ್ಟಲ್ಲೇ ಬರತ್ತೆ ಅಂದ್ಕೊಂಡಿದ್ದೆ."