ಗಾರ್ಡ್ ಕೊಡುತ್ತಿದ್ದ ಕೀ

ಪೆರಂಬೂರಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ನಮ್ಮ ಪಕ್ಕದ ಮನೆಯವರು ಗೂಡ್ಸ್ ಗಾಡಿಯ ಗಾರ್ಡ್. ಒಂಟಿ ಮನುಷ್ಯ. ನನಗೆ ಮಗಳು ಹುಟ್ಟಿದಾಗ ಫಾರಿನ್ ಸಾಮಾನು ಸಿಗುವ ಬರ್ಮಾ ಬಜಾರಿನಿಂದ, ಕೀ ಕೊಟ್ಟರೆ ಜೋಗುಳ ನುಡಿಸುವ ಪುಟ್ಟ ಮ್ಯೂಸಿಕ್ ಬಾಕ್ಸ್ ತಂದುಕೊಟ್ಟರು. ಕೊಟ್ಟರು ಅನ್ನುವುದಷ್ಟೇ, ಕೀ ಕೊಡಲು ಮಾತ್ರ ನನಗೆ ಬಿಡುತ್ತಿರಲಿಲ್ಲ. ರಾತ್ರಿ ಡ್ಯೂಟಿ ಮುಗಿಸಿ ಬಂದ ದಿನ ಮಧ್ಯಾಹ್ನ ನಮ್ಮಲ್ಲಿಗೆ ಬಂದು, ಕೈಯನ್ನು ಪಂಚೆಗೆ ಒರೆಸಿಕೊಂಡು, ತೊಟ್ಟಿಲ ಪಕ್ಕ ನೆಲದ ಮೇಲೆ ಕೂತು ತಾವೇ ತಿರುಗಿಸುತ್ತಿದ್ದರು. ಮಗು ಮಲಗಿದ ಮೇಲೂ ಅವರು ಏಳುತ್ತಿರಲಿಲ್ಲ.

"ಹಾಡು ಪೂರ್ತಿ ಮುಗೀಲಿ ಅಕ್ಕ, ನಡುವೆ ಎದ್ದು ಹೋಗಬಾರದು" ಅನ್ನುತ್ತಿದ್ದರು.

"ಮತ್ತೆ ನೀವು ಮಲಗೋದು ಯಾವಾಗ?" ಎಂದು ಒಮ್ಮೆ ಕೇಳಿದೆ.

"ನಮ್ಮನೇಲಿ ಒಂದು ಸದ್ದೂ ಇಲ್ಲಕ್ಕ. ಕಣ್ಣು ಮುಚ್ಚಿದ್ರೂ ನಿದ್ದೆ ಬರಲ್ಲ."

ಒಂದು ದಿನ ಅಡುಗೆಮನೆಯಿಂದ ಕಾಫಿ ತಂದೆ. ಅವರು ಗೋಡೆಗೆ ತಲೆಯಾನಿಸಿ, ಬಾಯಿ ತೆರೆದು, ಗಾಢ ನಿದ್ದೆಯಲ್ಲಿದ್ದರು. ಮಗು ಮಲಗಿರಲೇ ಇಲ್ಲ. ತೊಟ್ಟಿಲಿನಿಂದ ಅವರ ಮುಖವನ್ನೇ ನೋಡುತ್ತಿತ್ತು. ಹಾಡು ನಿಧಾನವಾಗುತ್ತಿತ್ತು. ನಾನು ಲೋಟ ಕೆಳಗಿಟ್ಟು, ಅದು ನಿಲ್ಲುವ ಮೊದಲೇ ಮತ್ತೆ ಕೀ ಕೊಟ್ಟೆ.