ಸೋಮವಾರದ ಹಾಲಿಗೆ ಎರಡು ಪ್ರೋಗ್ರಾಂ

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಪರ್ಲ್, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಗಳಲ್ಲಿ ಯಾವುದು ವಾಸಿ ಎಂದು ಕೇಳಿದರೆ ಹೇಳಬಲ್ಲೆ. ಅವೆರಡರ ಪಂದ್ಯ ನಡೆದದ್ದೇ ನನ್ನ ಹಸುವಿನ ಮೇಲೆ.

ಸೊಸೆ ತಾಂಡ್ಯದ ಫ್ಯಾಕ್ಟರಿಯೊಂದರಲ್ಲಿ ಪ್ರೋಗ್ರಾಂ ಬರೆಯುತ್ತಾಳೆ. ಮೂಗೂರಿನಲ್ಲಿರುವ ಅವಳ ಅಣ್ಣನದೂ ಅದೇ ಕಸುಬು. ನಮ್ಮೂರ ಡೈರಿಗೆ ಮೊದಲು ಪ್ರೋಗ್ರಾಂ ಬರೆದುಕೊಟ್ಟವನು ಅವನೇ, ಪರ್ಲಿನಲ್ಲಿ. ಯಾರ ಮನೆಯ ಹಾಲು ಕಡಿಮೆಯಾಯಿತೋ ಅವರ ಹೆಸರು ದನದ ಡಾಕ್ಟರ ಫೋನಿಗೆ ಹೋಗುತ್ತಿತ್ತು.

ನಮ್ಮ ಮನೆಯಲ್ಲಿ ಸೋಮವಾರದ ಹಾಲು ಮಾರುವುದಿಲ್ಲ. ಅದು ಮನೆದೇವರು ಮಾದಪ್ಪನ ಮೀಸಲು. ಪೂಜೆಗೆ ಬಳಸಿ ಮಿಕ್ಕಿದ್ದನ್ನು ನಾವೇ ಕುಡಿಯುತ್ತೇವೆ. ಇದನ್ನು ಪ್ರೋಗ್ರಾಂಗೆ ಯಾರೂ ಹೇಳಿರಲಿಲ್ಲ. ಪರ್ಲ್ ಖಾಲಿ ಜಾಗ ಕಂಡರೆ ಸೊನ್ನೆ ಎಂದುಕೊಂಡು ಮುಂದೆ ಹೋಗುವ ಭಾಷೆಯಂತೆ. ಹಾಗಾಗಿ ಪ್ರತಿ ಮಂಗಳವಾರ ಡಾಕ್ಟರು ಬೈಕಿನಲ್ಲಿ ಬಂದು, "ಏನವ್ವಾ, ಹಸು ಬತ್ತೋಯ್ತಂತಲ್ಲ" ಎನ್ನುತ್ತಿದ್ದರು. ತುಂಬಿದ ಕೆಚ್ಚಲು ನೋಡಿ, ರೊಟ್ಟಿ ತಿಂದು, ಬಂದ ತಪ್ಪಿಗೆ ಕರುವಿನ ಮೈಗೆ ಕಚ್ಚಿದ ಉಣ್ಣೆಹುಳಕ್ಕೆ ಔಷಧಿ ಹಚ್ಚಿ ಹೋಗುತ್ತಿದ್ದರು.

ಸೊಸೆ ಪೈಥಾನಿನಲ್ಲಿ ಹೊಸದು ಬರೆದಳು. ಡೈರಿ ಸೆಕ್ರೆಟರಿ, ಸೋಮವಾರ ಬೆಳಿಗ್ಗೆ ಹಾಕಿ ನೋಡೋಣ, ಕೈಕೊಟ್ಟರೆ ಹಳೆಯದೇ ಇರಲಿ ಎಂದರು. ಅವಳಿಗೆ ಇದು ಗೆಲ್ಲಲೇಬೇಕಿತ್ತು. ಊರಿನ ಬಾಯಲ್ಲಿ ಅವಳು ಇನ್ನೂ 'ಕಂಪ್ಯೂಟರ್ ಹುಡುಗನ ತಂಗಿ'.

ಭಾನುವಾರ ಅಣ್ಣನೂ ಊಟಕ್ಕೆ ಬಂದು ಉಳಿದುಕೊಂಡ.

"ಪರ್ಲಲ್ಲಿ ಒಂದ್ ಸಾಲ್ಗೆ ಮುಗಿಯೋದ್ನ ಪುಟಗಟ್ಲೆ ಎಳ್ದಿದ್ದೀಯ ಕಣಮ್ಮಿ."

"ನಿನ್ ಒಂದ್ ಸಾಲ ಮುಂದಿನ್ ವರ್ಸ ನಿನ್ಗೇ ಓದಕಾಗಕಿಲ್ಲ ಅಣ್ಣ. ಕೋಳಿ ಕೆದ್ರಿದಂಗದೆ."

"ನಿನ್ ಪೈಥಾನು ಮಡಿ ಎಂಗ್ಸು. ಸಾಲು ಒಸಿ ಅತ್ಲಾಗ್ ಸರಿದ್ರೆ ಕೆಲ್ಸನೇ ಮಾಡಕಿಲ್ಲ."

"ಮುದ್ದೆ ಆರೋಯ್ತದೆ, ಉಣ್ರಿ ಇಬ್ರೂವೆ" ಎಂದೆ.

ಸೋಮವಾರ ನಾವು ಮೂವರೂ ಡೈರಿಗೆ ಹೋದೆವು. ಎಲ್ಲರ ಹಾಲು ಅಳೆದಾಯಿತು. ಕೊನೆಗೆ ಲೆಕ್ಕದ ಚೀಟಿ ಬಂದರೆ ವ್ಯಾನು ಹೊರಡಬೇಕು. ಹಾಲಿನ ಲೆಕ್ಕ ಖಾಲಿಯಿದ್ದ ನನ್ನ ಹೆಸರಿನ ಹತ್ತಿರ ಬಂದು ಪ್ರೋಗ್ರಾಂ ನಿಂತುಬಿಟ್ಟಿತು. ವ್ಯಾನಿನವನು ಹಾರನ್ ಒತ್ತಿದ. ಅಣ್ಣ ಬಾಗಿಲಿಗೆ ಒರಗಿಕೊಂಡು, "ಅತ್ತೆ, ನಿಮ್ ಹಸೂನೇ ನುಂಗ್ಬುಡ್ತಲ್ಲ ಇದು" ಎಂದು ನಕ್ಕ.

ಸೊಸೆ ಕಂಪ್ಯೂಟರ್ ಮುಂದಿನಿಂದ ಏಳದೆ ಸೆಕ್ರೆಟರಿಗೆ ಹೇಳಿದಳು: "ನಿಂತಿದ್ದೇ ಸರಿ ಸಾ. ಗೊತ್ತಿಲ್ದಿದ್ನ ಗೊತ್ತಿಲ್ಲ ಅಂತದೆ. ನಮ್ಮಣ್ಣಂದು ಸುಳ್ಳೇಳಿ ಡಾಕ್ಟ್ರ ಕಳಿಸ್ತಿತ್ತು."

"ವ್ಯಾನಿಗೆ ಸುಳ್ಳೂ ನಡೀತದೆ ಕಣವ್ವ, ಚೀಟಿ ಕೊಡು" ಎಂದರು ಸೆಕ್ರೆಟರಿ.

"ಅತ್ತೆ, ಇನ್ಯಾರ್ ಮನೇಲಿ ಸೋಮವಾರದ ಮೀಸಲು?" ಎಂದು ಸೊಸೆ ನನ್ನತ್ತ ತಿರುಗಿದಳು.

ನನಗೆ ಗೊತ್ತಿದ್ದ ಮನೆಗಳನ್ನು ಹೇಳಿದೆ. ಹಾಲು ಹಾಕಿ ನಿಂತಿದ್ದ ಹೆಂಗಸರು ಇನ್ನಷ್ಟು ಸೇರಿಸಿದರು. ಅವಳು ಅಲ್ಲೇ ಬೆರಳಾಡಿಸಿ ಅವನ್ನೆಲ್ಲ ಪ್ರೋಗ್ರಾಂಗೆ ಸೇರಿಸಿದಳು. ಮತ್ತೆ ನಿಂತಿತು. ಅಷ್ಟರಲ್ಲಿ ಅಣ್ಣ ಹಿಂದೆ ಬಂದು ಬಗ್ಗಿ ನೋಡಿದವನು, ತಡೆಯಲಾರದೆ ಬೆರಳಿಟ್ಟು ತೋರಿಸಿದ: "ಈ ಸಾಲು ಒಸಿ ಒಳಕ್ಕೆ ತಳ್ಳಮ್ಮಿ. ನಿನ್ ಮಡಿ ಎಂಗ್ಸು ಮುನಿಸ್ಕಂಡವ್ಳೆ."

ಚೀಟಿ ಬಂತು. ವ್ಯಾನು ಹೋಯಿತು.

"ಪೈಥಾನ್ ಆಡ್ಕಂಡು ನಗ್ತಿದ್ದೋನು ಒಂದೇ ನೋಟಕ್ಕೆ ಓದ್ಬುಟ್ಯಲ್ಲಣ್ಣ" ಎಂದಳು ಸೊಸೆ. ಅವನು ಕಾಫಿ ಕೇಳಿದ.

ಪರ್ಲ್ ಕೆಟ್ಟದ್ದೇನಲ್ಲ, ಅವಸರಕ್ಕೆ ಒದಗುವ ನೆಂಟನಿದ್ದ ಹಾಗೆ. ದಿನಾ ಮನೆಯಲ್ಲಿ ಇಟ್ಟುಕೊಳ್ಳುವುದಾದರೆ ಮುಖದ ಮೇಲೆ ಹೇಳುವ ಪೈಥಾನೇ ವಾಸಿ. ಡೈರಿಯಲ್ಲಿ ಈಗ ಅವಳದೇ ಪ್ರೋಗ್ರಾಂ. ಅವಳ ಅಣ್ಣನನ್ನು ಊರವರು 'ಕಂಪ್ಯೂಟರಮ್ಮನ ಅಣ್ಣ' ಎನ್ನುತ್ತಾರೆ. ನನಗಾದ ನಷ್ಟ ಒಂದೇ. ಮಂಗಳವಾರ ಡಾಕ್ಟರು ಬರುವುದಿಲ್ಲ, ಕರುವಿನ ಉಣ್ಣೆ ನಾನೇ ಕೀಳಬೇಕು.